ನಮ್ಮಣ್ಣನ ಬಲಗಾಲಿನ ಮೇಲೆ ಬಂದ ಅಪವಾದ

ನಮ್ಮಣ್ಣ ಯಾರ ಹಣೆಯನ್ನೂ ಮುಟ್ಟಿ ಜ್ವರ ನೋಡುವವನಲ್ಲ. ಅತ್ತಿಗೆ ಟೈಫಾಯ್ಡ್ ಬಂದು ಹದಿನೈದು ದಿನ ಮಲಗಿದ್ದಾಗಲೂ ಬಾಗಿಲಲ್ಲಿ ನಿಂತು "ಹೆಂಗೈತೆ?" ಎಂದು ಕೇಳಿ, ಉತ್ತರ ಬರುವ ಮೊದಲೇ ಷೆಡ್ಡಿನ ಕಡೆ ಹೊರಟುಬಿಡುತ್ತಿದ್ದ. ಆದರೆ ತನ್ನ ಕಾರಿನ ನಾಲ್ಕು ಚಕ್ರಗಳನ್ನು ಮುಟ್ಟಿ ನೋಡದೆ ಅವನು ಮನೆಯೊಳಗೆ ಹೋದದ್ದನ್ನು, ಒಂದೇ ಒಂದು ಸಲ ಬಿಟ್ಟರೆ, ನಾನು ಕಂಡಿಲ್ಲ. ಎಲ್ಲಿಗೆ ಹೋಗಿ ಬಂದರೂ ಅಷ್ಟೇ. ಇಳಿದವನೇ ಮೊದಲು ತನ್ನ ಬಾಗಿಲ ಪಕ್ಕದ ಮುಂದಿನ ಚಕ್ರ, ಆಮೇಲೆ ಅದರ ಹಿಂದಿನದು, ಹಾಗೇ ಡಿಕ್ಕಿ ಸುತ್ತಿಕೊಂಡು ಹೋಗಿ ಆ ಕಡೆಯ ಎರಡು. ನೋಡಿದವರಿಗೆ ಪ್ರದಕ್ಷಿಣೆ ಹಾಕಿದಂತೆ ಕಾಣುತ್ತದೆ. ದೇವಸ್ಥಾನದಲ್ಲಿ ಅವನು ಇಷ್ಟು ನಿಧಾನವಾಗಿ ಸುತ್ತುವುದಿಲ್ಲ.

ಮುಟ್ಟುವುದು ಅಂಗೈಯಿಂದಲ್ಲ, ಬೆರಳುಗಳ ಹಿಂಭಾಗದಿಂದ. "ಅಂಗೈ ಸ್ಟೇರಿಂಗ್ ಹಿಡಿದು ಹಿಡಿದು ದಡ್ಡುಗಟ್ಟೈತೆ, ಅದ್ರ ಮಾತು ನಂಬಾಕಾಗಲ್ಲ" ಎನ್ನುತ್ತಾನೆ. ಬಿಸಿ ಅಳೆಯಲು ಅವನದೇ ಲೆಕ್ಕ ಇದೆ. ಮೈ ಬಿಸಿ, ಸ್ನಾನದ ನೀರಿನ ಬಿಸಿ, ಚಾ ಲೋಟದ ಬಿಸಿ, ರೊಟ್ಟಿ ಹಂಚಿನ ಬಿಸಿ. ಮೈ ಬಿಸಿ ಇದ್ದರೆ ಅವತ್ತು ಮನೆಯಲ್ಲಿ ಎಲ್ಲರಿಗೂ ಸುಖ. ಸ್ನಾನದ ನೀರಿಗೆ ಏರಿದರೆ ಮಾತು ಕಡಿಮೆಯಾಗುತ್ತದೆ. ಚಾ ಲೋಟಕ್ಕೆ ಬಂದರೆ ಊಟವೂ ಕಡಿಮೆಯಾಗುತ್ತದೆ. ರೊಟ್ಟಿ ಹಂಚಿನವರೆಗೆ ಹೋದದ್ದು ಅವನ ಆಯುಷ್ಯದಲ್ಲೇ ಇರಲಿಲ್ಲ, ಕಳೆದ ವರ್ಷದವರೆಗೆ.

ಕಾರು ಎಂದರೆ ಈಗಿನ ಕಾರಲ್ಲ. ಹಳೆಯ ಅಂಬಾಸಿಡರ್. ನನಗಿಂತ ನಾಲ್ಕು ವರ್ಷ ದೊಡ್ಡದು, ನನಗಿಂತ ಚೆನ್ನಾಗಿ ನೋಡಿಕೊಂಡದ್ದು. ಮೂವತ್ತೈದು ವರ್ಷ ಅಣ್ಣ ಅದನ್ನು ಚನ್ನಗಿರಿಯ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಓಡಿಸಿದ. ಆ ದಿನಗಳಲ್ಲಿ ಅವನ ಬಲಗಾಲಿಗೆ ಊರಲ್ಲಿ ಒಂದು ಹೆಸರಿತ್ತು. ಬ್ರೇಕ್ ಹಾಕಿದ್ದು ಒಳಗೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ, ಕಾರು ತಾನಾಗಿಯೇ ಸುಸ್ತಾಗಿ ನಿಂತಂತೆ ನಿಲ್ಲುತ್ತಿತ್ತು. ದಿನ ತುಂಬಿದ ಬಸುರಿಯರನ್ನು ದಾವಣಗೆರೆಗೆ ಕರೆದೊಯ್ಯಬೇಕಾದರೆ, "ಆ ಯಜಮಾನ್ರ ಗಾಡಿನೇ ಕರೀರಿ, ಅವರ ಕಾಲು ಮೆತ್ತಗೈತೆ" ಎನ್ನುತ್ತಿದ್ದರು. ಅಣ್ಣ ತನ್ನ ಮುಖದ ಬಗ್ಗೆ, ಮಾತಿನ ಬಗ್ಗೆ ಯಾರು ಏನಂದರೂ ತಲೆ ಕೆಡಿಸಿಕೊಂಡವನಲ್ಲ. ಕಾಲಿನ ಬಗ್ಗೆ ಮಾತ್ರ ಸ್ವಲ್ಪ ಜಂಬ ಇತ್ತು. ಇದ್ದದ್ದು ಅದೊಂದೇ ಜಂಬ.

ಈಗ ಬಾಡಿಗೆ ಇಲ್ಲ. ಮದುವೆಗೆ ಮೊದಲೇ ಗಂಡು ಹೆಣ್ಣು ಊರೂರು ತಿರುಗಿ ಫೋಟೋ ತೆಗೆಸಿಕೊಳ್ಳುವುದು ಬಂದಿದೆಯಲ್ಲ, ಅವರಿಗೆ ಹಳೆಯ ಕಾರು ಬೇಕು. ನಾವು ಮಾರಬೇಕೆಂದಾಗ ಯಾರೂ ಕೇಳದಿದ್ದ ಕಾರಿನ ಮುಂದೆ ಈಗ ಹುಡುಗಿಯರು ಗಲ್ಲಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ.

ನಾನು ಅವನ ಒಬ್ಬಳೇ ತಂಗಿ. ಓದಿದ್ದು ಏಳನೇ ಕ್ಲಾಸು, ಅದನ್ನೂ ಎರಡು ವರ್ಷ ಓದಿದೆ. ಮದುವೆಯಾಗಿ ಎರಡು ಬೀದಿ ಆಚೆ ಹೋದೆ. ಬಟ್ಟೆ ಹೊಲಿಯುತ್ತೇನೆ. ಅಣ್ಣನ ಮನೆಯ ಪಕ್ಕದ ತಗಡಿನ ಷೆಡ್ಡಿನಲ್ಲಿ ಅರ್ಧ ಜಾಗ ಕಾರಿಗೆ, ಅರ್ಧ ನನ್ನ ಹೊಲಿಗೆ ಮಿಷನ್ನಿಗೆ. ರವಿಕೆಯ ಅಳತೆ ಕೊಡಲು ಬಂದವರು ಬಾನೆಟ್ಟಿನ ಮೇಲೆ ಬ್ಯಾಗ್ ಇಡಬಾರದೆಂದು ಅಣ್ಣ ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದಾನೆ. ಷೆಡ್ಡಿನಲ್ಲಿರುವ ಷೆಲ್ಫು ಒಂದೇ. ಅದರಲ್ಲಿ ಅವನ ಡಬ್ಬಿಗಳು, ನನ್ನ ದಾರದ ಉಂಡೆಗಳು, ಅವನ ಸ್ಪ್ಯಾನರುಗಳು, ನನ್ನ ಮಿಷನ್ ಎಣ್ಣೆಯ ಬಾಟಲಿಗಳು ಅಕ್ಕಪಕ್ಕದಲ್ಲಿ ಸಂಸಾರ ಮಾಡಿಕೊಂಡಿವೆ.

ಭಾನುವಾರ ಬೆಳಿಗ್ಗೆ ಕಾರಿನ ತಪಾಸಣೆ. ಈ ಕಾರಿನ ಬ್ರೇಕ್ ಎಣ್ಣೆಯ ಡಬ್ಬಿ ಬಾನೆಟ್ಟಿನ ಕೆಳಗಿಲ್ಲ, ಡ್ರೈವರಿನ ಕಾಲಡಿಯಲ್ಲಿದೆ. ಮ್ಯಾಟ್ ಎತ್ತಿ, ತಗಡಿನ ಮುಚ್ಚಳ ಸರಿಸಿ, ಬಗ್ಗಿ ಕೈ ಹಾಕಿ ಅದರ ಬಿರಡೆ ತಿರುಗಿಸಬೇಕು. ಅಣ್ಣನಿಗೆ ಮಂಡಿ ಪೂರ್ತಿ ಬಗ್ಗುವುದಿಲ್ಲ. ಹತ್ತು ವರ್ಷದಿಂದ ಆ ಕೆಲಸ ನನ್ನದು. ಅವನು ಕುರ್ಚಿಯಲ್ಲಿ ಕೂತು ಕೇಳುತ್ತಾನೆ, ನಾನು ಕಡ್ಡಿ ಅದ್ದಿ ಹೇಳುತ್ತೇನೆ.

ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೋದರೆ ಧೈರ್ಯ ಸಾಲುವುದಿಲ್ಲ. ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ಭಾನುವಾರ ಕಡ್ಡಿ ಅದ್ದಿ ನೋಡಿದೆ. ಎಣ್ಣೆ ಕೆಳಗಿತ್ತು. ಷೆಲ್ಫಿನಲ್ಲಿದ್ದ ಬ್ರೇಕ್ ಎಣ್ಣೆಯ ಡಬ್ಬಿ ಖಾಲಿ. ಹೊರಗೆ ಹಬ್ಬದ ರವಿಕೆಗಾಗಿ ಮೂವರು ಹೆಂಗಸರು ಕೂತು ನನ್ನನ್ನೇ ನೋಡುತ್ತಿದ್ದರು. ಡಬ್ಬಿಯ ಪಕ್ಕದಲ್ಲೇ ನನ್ನ ಮಿಷನ್ ಎಣ್ಣೆ ಇತ್ತು. ನೀರಿನ ಹಾಗೆ ತಿಳಿ, ನೀರಿನ ಹಾಗೆ ತೆಳು. ಕಾರಿನ ಎಣ್ಣೆಗಿಂತ ಚೊಕ್ಕಟವಾಗಿಯೇ ಕಂಡಿತು. ನಾಜೂಕಿನ ಮಿಷನ್ನಿಗೆ ಆಗುವುದು ಈ ಕಬ್ಬಿಣದ ರಾಶಿಗೆ ಆಗದೇ ಎಂದುಕೊಂಡು ಎರಡು ಬಾಟಲಿ ಹಾಕಿದೆ.

"ಎಷ್ಟೈತೆ?" ಎಂದು ಅಣ್ಣ ಕೇಳಿದ.

"ತುಂಬೈತೆ ಅಣ್ಣ."

ಸುಳ್ಳಲ್ಲ. ತುಂಬಿತ್ತು.

ಎರಡು ವಾರ ಏನೂ ಆಗಲಿಲ್ಲ. ನಾನು ಮರೆತೂ ಬಿಟ್ಟೆ. ಆಮೇಲೊಂದು ದಿನ ಕೆರೆಬಿಳಚಿ ಹತ್ತಿರದ ಕೆರೆ ಏರಿಯ ಮೇಲೆ ಒಂದು ಜೋಡಿಯ ಫೋಟೋ. ಹುಡುಗಿಯ ರವಿಕೆ ಹೊಲಿದವಳು ನಾನೇ ಆದ್ದರಿಂದ, ಎಲ್ಲಾದರೂ ಬಿಗಿಯಾದರೆ ಬಿಚ್ಚಿ ಕೊಡಲು ನಾನೂ ಹೋಗಿದ್ದೆ. ಬಿಗಿಯಾದದ್ದು ರವಿಕೆಯಲ್ಲ.

"ಯಜಮಾನ್ರೆ, ಇಂಜಿನ್ ಆಫ್ ಮಾಡಿ ಇಳಿಜಾರಿನಾಗೆ ಹಂಗೇ ಬಿಡ್ರಿ, ಕಾರು ನಿಧಾನಕ್ಕೆ ಉರುಳಿಕೊಂಡು ಬರ್ಲಿ, ನಾನು ವಿಡಿಯೋ ಹಿಡೀತೀನಿ" ಎಂದ ಫೋಟೋದವನು. ಅಣ್ಣ ಇಂಜಿನ್ ಆಫ್ ಮಾಡಿ, ಗೇರು ತೆಗೆದು, ಬ್ರೇಕಿನಿಂದ ಕಾಲು ತೆಗೆದ. ಕಾರು ಉರುಳಲಿಲ್ಲ. ಇಳಿಜಾರಿನ ನಟ್ಟನಡುವೆ, ಅಲ್ಲೇ ಮನೆ ಕಟ್ಟಿಕೊಂಡಂತೆ ನಿಂತಿತು.

ಸೈಕಲ್ಲಿನ ಮೇಲೆ ಮೇವಿನ ಹೊರೆ ಹೇರಿಕೊಂಡು ಬಂದ ಒಬ್ಬರು ಕಾಲು ಊರಿ ನಿಂತು ನೋಡಿದರು. "ಏನ್ ಯಜಮಾನ್ರೆ, ನಿಮ್ ಗಾಡಿಗೆ ಇಳಿಜಾರಿನಾಗೂ ತಳ್ಳಾಕೆ ಆಳು ಬೇಕಾ?"

ಕೊನೆಗೆ ರೇಷ್ಮೆ ಪಂಚೆ ಉಟ್ಟ ಮದುಮಗನೇ ತಳ್ಳಬೇಕಾಯಿತು. ಹುಡುಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೊಟ್ಟೆ ಹಿಡಿದು ನಕ್ಕಳು. ಆ ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ, ಮದುವೆ ಮಂಟಪದ ಬಾಗಿಲಿಗೆ ಅದನ್ನೇ ದೊಡ್ಡದು ಮಾಡಿ ಹಾಕಿದ್ದರು. ಮುಂದಿನ ತಿಂಗಳು ಇನ್ನೊಂದು ಜೋಡಿ ಬಂದು, "ನಮಗೂ ತಳ್ಳೋದು ಬೇಕು" ಎಂದಿತು.

ಅಣ್ಣನಿಗೆ ನಗು ಬರಲಿಲ್ಲ. ಅವನು ಆಗಲೇ ಇಳಿದು ಪ್ರದಕ್ಷಿಣೆ ಶುರು ಮಾಡಿದ್ದ. ಮೊದಲ ಚಕ್ರಕ್ಕೇ ಕೈ ಹಿಂದೆ ತೆಗೆದ. "ಬಾರವ್ವ ಇಲ್ಲಿ. ರೊಟ್ಟಿ ಸುಡೋಳು ನೀನು. ನೋಡು, ಇದು ಯಾವ ಹದ?"

ನಾನು ಹತ್ತಿರ ಕೈ ಒಡ್ಡಿ ನೋಡಿ, "ಇನ್ನೊಂದೀಟು ಕಾದ್ರೆ ಹಿಟ್ಟು ಬಡೀಬಹುದು" ಎಂದೆ.

ಮನೆಗೆ ಬಂದಾಗ ಕಾರಿನ ಹಿಂದೆಯೇ ಸುಟ್ಟ ವಾಸನೆಯೂ ಬಂತು. ಸಾರು ಸೀದಿತೆಂದು ಅತ್ತಿಗೆ ಒಳಗೆ ಓಡಿ ಪಾತ್ರೆ ಇಳಿಸಿದರು. ಅರ್ಧ ಬೆಂದ ಬೇಳೆಯನ್ನು ಅವತ್ತು ಎಲ್ಲರೂ ತಿಂದೆವು.

ಅಲ್ಲಿಂದ ಅಣ್ಣನ ಪ್ರವಾಸ ಶುರುವಾಯಿತು. ತನಗೆ ಎಲ್ಲ ರಿಪೇರಿ ಬಂದರೂ, ಸ್ವಂತ ಗಾಡಿಯ ರೋಗ ಸ್ವಂತ ಕಣ್ಣಿಗೆ ಕಾಣುವುದಿಲ್ಲ ಎಂಬುದು ಅವನ ನಂಬಿಕೆ. ಹಳೆಯ ಅಂಬಾಸಿಡರ್ ತಿಳಿದ ಮೇಸ್ತ್ರಿಗಳು ಈಗ ಊರಿಗೊಬ್ಬರೂ ಇಲ್ಲ. ಮೊದಲು ಹೊನ್ನಾಳಿಗೆ ಹೋದೆವು. ನಾನೇಕೆ ಎಂದರೆ, ದಾರಿಯಲ್ಲಿ ನಿಲ್ಲಿಸಿದಾಗಲೆಲ್ಲ ಚಕ್ರದ ಹದ ಹೇಳಲು.

ಹೊನ್ನಾಳಿಯ ಮೇಸ್ತ್ರಿ ಕಾರನ್ನು ಜಾಕಿನ ಮೇಲೆ ಎತ್ತಿ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ನಾಲ್ಕೂ ಬಿಗಿ. ಕೈ ಒರೆಸಿಕೊಂಡು ಅಣ್ಣನ ಹತ್ತಿರ ಬಂದರು.

"ಯಜಮಾನ್ರೆ, ಒಂದ್ ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಬ್ರೇಕ್ ಆಯಿಲ್ ಬಿಟ್ಟು ಬೇರೆ ಯಾವ್ದಾದ್ರೂ ಎಣ್ಣೆ ಹಾಕಿದ್ರೇನು? ಬೇರೆ ಎಣ್ಣೆ ಒಂದೀಟು ಬಿದ್ರೂ ಒಳಗಿನ ರಬ್ಬರೆಲ್ಲ ಉಬ್ಬಿಬಿಡ್ತಾವೆ. ಉಬ್ಬಿದ ಮ್ಯಾಲೆ ಬ್ರೇಕ್ ಹಿಡೀತೈತೆ, ಬಿಡಲ್ಲ."

ನನಗೆ ಆ ಎರಡು ಬಾಟಲಿಗಳು ನೆನಪಾಗಿ, ಒಂದು ಹೆಜ್ಜೆ ಹಿಂದೆ ಸರಿದೆ.

"ನನ್ನ ಗಾಡಿಗಾ?" ಎಂದ ಅಣ್ಣ. ಸಿಟ್ಟು ಮಾಡಿಕೊಳ್ಳಲಿಲ್ಲ, ಆಶ್ಚರ್ಯಪಟ್ಟ. ನನ್ನ ಕಡೆ ಕೈ ತೋರಿಸಿದ. "ಎಣ್ಣೆ ನೋಡಿಕೊಳ್ಳಾಕೆ ನನ್ನ ತಂಗಿ ಅದಾಳೆ ಮೇಸ್ತ್ರಿ. ಹತ್ತು ವರ್ಷ ಆತು. ನಾನು ತಪ್ಪಬಹುದು, ಅವಳು ತಪ್ಪಲ್ಲ. ಅದೊಂದು ಬಿಟ್ಟು ಬೇರೆ ನೋಡ್ರಿ."

ಮೇಸ್ತ್ರಿ ನನ್ನನ್ನು ನೋಡಿದರು. ನಾನು ಜಾಕನ್ನು ನೋಡಿದೆ.

ಬಾಯಿ ಬಿಡಬೇಕಾದ ಜಾಗ ಅದು. ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಅವನು ಬೈದಿದ್ದರೆ, ಅನುಮಾನಪಟ್ಟಿದ್ದರೆ ಖಂಡಿತ ಹೇಳುತ್ತಿದ್ದೆ. ಆದರೆ ನಮ್ಮಣ್ಣ ನನ್ನನ್ನು ಬೇರೆಯವರ ಮುಂದೆ ಹೊಗಳಿದ್ದು ಐವತ್ತು ವರ್ಷದಲ್ಲಿ ಅದೇ ಮೊದಲು. ಅದನ್ನು ಅಲ್ಲೇ ವಾಪಸ್ ಕೊಡಲು ಮನಸ್ಸಾಗಲಿಲ್ಲ. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಮನೆಗೆ ಬಂದ ಮೇಲೆ ನಾಳೆ ಹೇಳೋಣ ಎಂದುಕೊಂಡೆ. ತಪ್ಪು ಮಾಡಿದವರಿಗೆ ನಾಳೆಗಳು ಎಷ್ಟು ಸಲೀಸಾಗಿ ಸಿಗುತ್ತವೆ!

ಹೊನ್ನಾಳಿಯವರು ಅಣ್ಣನ ಮಾತಿಗೆ ಬೆಲೆ ಕೊಟ್ಟು ಎಣ್ಣೆಯ ಮಾತು ಬಿಟ್ಟರು, ಬ್ರೇಕುಗಳನ್ನು ಸಡಿಲ ಮಾಡಿ ಕಳಿಸಿದರು. ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಚಾ ಲೋಟ, ಮತ್ತೆ ರೊಟ್ಟಿ ಹಂಚು.

ದೀಪಾವಳಿ ಕಳೆದ ಮೇಲೆ ನ್ಯಾಮತಿ. ಅಲ್ಲಿನ ಮೇಸ್ತ್ರಿಗೆ ಅಣ್ಣನಿಗಿಂತ ವಯಸ್ಸಾಗಿತ್ತು, ಕಿವಿ ಮಂದ. ಇಬ್ಬರೂ ಜೋರಾಗಿ ಮಾತನಾಡಿದ್ದರಿಂದ ಕಾರಿನ ರೋಗ ಇಡೀ ಬೀದಿಗೆ ತಿಳಿಯಿತು. ಅವರು ಒಂದು ಚಕ್ರದ ಹಿಂದೆ ಸಣ್ಣ ತಿರುಪು ಸಡಿಲಿಸಿದರು. ಎಣ್ಣೆ ಚಿಳ್ಳನೆ ಹಾರಿತು, ಚಕ್ರ ತಟ್ಟನೆ ಸಡಿಲವಾಯಿತು.

"ನೋಡಿದ್ರಾ ಸಾಹೇಬ್ರೆ? ಒತ್ತಡ ಒಳಗೇ ಸಿಕ್ಕಂಡೈತೆ. ಹೋಗಾಕೆ ದಾರಿ ಐತೆ, ಬರಾಕೆ ದಾರಿ ಇಲ್ಲ. ಏನೋ ಒಳಗೆ ಇಟ್ಕಂಡು ಬಿಡ್ತಿಲ್ಲ."

ಕಾರಿನ ಬಗ್ಗೆಯೇ ಹೇಳಿದ್ದು. ಆದರೂ ನಾನು ಎದ್ದು ಹೋಗಿ ಎದುರು ಅಂಗಡಿಯಲ್ಲಿ ಬೇಡದಿದ್ದ ಬಾಳೆಹಣ್ಣು ಕೊಂಡೆ.

ಅವರು ರಬ್ಬರಿನ ಪೈಪುಗಳು ಒಳಗೆ ಮುಚ್ಚಿಕೊಂಡಿವೆ ಎಂದು ತೀರ್ಮಾನಿಸಿ ಪೈಪು ಬದಲಾಯಿಸಿದರು. ಹತ್ತು ದಿನ ಚೆನ್ನಾಗಿತ್ತು. ಆ ಹತ್ತು ದಿನ ನಾನು ದಿನಾ ಬಸವಣ್ಣನ ಗುಡಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ ಬಂದೆ. ಹಾಕುವಾಗಲೆಲ್ಲ ಬಾಟಲಿಯ ಮೇಲಿನ ಹೆಸರನ್ನು ಎರಡು ಸಲ ಓದುತ್ತಿದ್ದೆ.

ಹನ್ನೊಂದನೆಯ ದಿನ ಅಣ್ಣ ಬಂದು, "ಜಗಳೂರಿನಾಗೆ ಒಬ್ಬ ಅದಾನಂತೆ. ಹೊರಡು" ಎಂದ.

ಚನ್ನಗಿರಿಯಿಂದ ಜಗಳೂರು ಹತ್ತಿರದ ದಾರಿಯಲ್ಲ. ಬಿಳಿಚೋಡು ಹತ್ತಿರ ಬರುವಾಗ ಚಕ್ರದಿಂದ ಹೊಗೆಯೇ ಬಂತು. ನಿಲ್ಲಿಸಿ ರಸ್ತೆ ಬದಿ ಕೂತೆವು. ಕುರಿ ಕಾಯುತ್ತಿದ್ದ ಒಬ್ಬರು ಬಂದು ಮೂಗು ಅರಳಿಸಿದರು.

"ಏನ್ರೀ ಸುಡ್ತಿದ್ದೀರಿ?"

"ಬ್ರೇಕು ಕಚ್ಚಿಕೊಂಡೈತೆ. ಆರಾಕೆ ಬಿಟ್ಟೀವಿ."

"ನೀರು ಹೊಯ್ರಿ ಮತ್ತೆ."

"ಹೊಯ್ದ್ರೆ ಡ್ರಮ್ಮು ಬಿರುಕು ಬಿಡ್ತೈತೆ. ತಾನಾಗೇ ಆರಬೇಕು."

ಅವರು ಸ್ವಲ್ಪ ಯೋಚಿಸಿದರು. "ನಮ್ಮನೆಯಾಕೆಯೂ ಹಂಗೇ" ಎಂದು ಹೇಳಿ ಕುರಿ ಹೊಡೆದುಕೊಂಡು ಹೋದರು.

ಜಗಳೂರು ಮುಟ್ಟುವಾಗ ಸಂಜೆ. ಮೇಸ್ತ್ರಿ ಬಾಗಿಲು ಹಾಕುತ್ತಿದ್ದರು. ಕಾರನ್ನು ಅವರ ಗ್ಯಾರೇಜಿನ ಮುಂದೆಯೇ ನಿಲ್ಲಿಸಿ ನೆಂಟರ ಮನೆಯಲ್ಲಿ ಮಲಗಿದೆವು. ಚಳಿಗಾಲ. ಬೆಳಿಗ್ಗೆ ಹೋಗಿ ಕಾರು ಎತ್ತಿ ತಿರುಗಿಸಿದರೆ ನಾಲ್ಕು ಚಕ್ರಗಳೂ ಗಿರಗಿರನೆ ತಿರುಗಿದವು. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಕೂಡಲೇ ಜ್ವರ ಬಿಟ್ಟು ನಗುತ್ತದಲ್ಲ, ಹಾಗೆ. ಈಗ ನನಗೆ ಗೊತ್ತಿದೆ, ರಾತ್ರಿಯೆಲ್ಲ ತಣ್ಣಗಾದಾಗ ಒಳಗಿನ ಒತ್ತಡ ಮೆಲ್ಲಗೆ ಇಳಿದಿತ್ತು. ಆ ಮೇಸ್ತ್ರಿಗೆ ಅದು ಹೊಳೆಯಲಿಲ್ಲ. ಅವರು ಇನ್ನೂ ಚಿಕ್ಕ ವಯಸ್ಸಿನವರು.

"ಅಜ್ಜಾರೆ, ಗಾಡಿಯಾಗೆ ಏನೂ ಇಲ್ರಿ" ಎಂದರು. "ಹೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕಾಲೇ ಬ್ರೇಕಿನ ಮ್ಯಾಲೆ ಕೂತಿರ್ತೈತೆ. ವಯಸ್ಸಾದೋರಿಗೆ ಹಂಗಾಗ್ತೈತ್ರಿ. ಕಾಲು ಇಟ್ಟಿದ್ದು ಅವರಿಗೇ ಗೊತ್ತಾಗಲ್ಲ."

ಅಣ್ಣನನ್ನು ಯಾರಾದರೂ ಅಜ್ಜ ಎಂದದ್ದೂ ಅದೇ ಮೊದಲು ಇರಬೇಕು. ಆದರೆ ಅವನಿಗೆ ತಾಗಿದ್ದು ಅದಲ್ಲ. ಹೊರಗೆ ಬಂದು ಕಾರಿಗೆ ಒರಗಿ ನಿಂತು ತನ್ನ ಬಲಗಾಲನ್ನು ನೋಡಿಕೊಂಡ. ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತ ಅಪರಿಚಿತನನ್ನು ನೋಡುವ ಹಾಗೆ.

ಆಗಲೂ ನಾನು ಹೇಳಲಿಲ್ಲ.

ಅದಾದ ಮೇಲೆ ಕಾರಿನ ರೋಗ ಹುಡುಕುವುದು ನಿಂತು ಕಾಲಿನ ತಪಾಸಣೆ ಶುರುವಾಯಿತು. ಮೊದಲು ಚಪ್ಪಲಿ ಬಿಟ್ಟು ಓಡಿಸಿದ. ಅದೇ ಬಿಸಿ. ಆಮೇಲೆ ಒಂದು ದಿನ ಅತ್ತಿಗೆಯ ಡಬ್ಬಿಯಿಂದ ಹಪ್ಪಳ ತಂದು ಬ್ರೇಕ್ ಪೆಡಲಿನ ಮೇಲಿಟ್ಟು ನನ್ನ ದಾರದಿಂದ ಕಟ್ಟಿದ. ತನಗೆ ಗೊತ್ತಾಗದಂತೆ ಕಾಲು ಅದರ ಮೇಲೆ ಕೂತರೆ ಹಪ್ಪಳ ಮುರಿಯುತ್ತದೆ, ಸಾಕ್ಷಿ ಸಿಗುತ್ತದೆ. ಉಪಾಯ ಕೆಟ್ಟದ್ದಲ್ಲ. ಆದರೆ ಚನ್ನಗಿರಿಯ ರಸ್ತೆಯಲ್ಲಿ ಬ್ರೇಕ್ ಹಾಕದೆ ಎಷ್ಟು ದೂರ ಹೋಗಬಹುದು? ಬಸ್ ಸ್ಟ್ಯಾಂಡಿನ ಮುಂದೆ ಎಮ್ಮೆ ಅಡ್ಡ ಬಂತು, ಒಂದು ಹಪ್ಪಳ. ಆಟೋ ತಿರುಗಿತು, ಒಂದು ಹಪ್ಪಳ. ಪ್ರತಿ ಸಲ ನಾನು ಬಗ್ಗಿ ಚೂರು ಗುಡಿಸಿ ಹೊಸದು ಕಟ್ಟಬೇಕು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ತ್ಯಾವಣಿಗೆಗೆ ಹೋಗಿ ಬರುವಷ್ಟರಲ್ಲಿ ಅತ್ತಿಗೆ ಬೇಸಿಗೆಯಲ್ಲೆಲ್ಲ ಕೂತು ಮಾಡಿದ್ದ ಹಪ್ಪಳ ಮುಗಿಯಿತು.

"ಎಣ್ಣೆಯಾಗೆ ಕರಿದು ತಿನ್ನೋದು ಬಿಟ್ಟು ಬ್ರೇಕಿನಾಗೆ ಹುರಿದ್ರಲ್ರೀ" ಎಂದರು ಅತ್ತಿಗೆ.

ಹಪ್ಪಳ ಮುಗಿದ ಮೇಲೆ ಸಾಕ್ಷಿಯ ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು. ಅಣ್ಣ ಓಡಿಸಬೇಕು, ನಾನು ಪಕ್ಕದಲ್ಲಿ ಕೂತು ರಸ್ತೆ ನೋಡದೆ ಅವನ ಬಲಗಾಲನ್ನೇ ನೋಡಬೇಕು. ಮಾಸಿದ ಉಗುರು, ಹೆಬ್ಬೆರಳ ಪಕ್ಕ ಹಳೆಯ ಗಾಯದ ಗುರುತು. ಕೆರೆಬಿಳಚಿಯವರೆಗೆ ಹೋಗಿ ಬರುವಷ್ಟು ಹೊತ್ತು ಅದನ್ನು ನೋಡಿದೆ. ಬೇಕಾದಾಗ ಹೂವಿನ ಮೇಲಿಟ್ಟಂತೆ ಬ್ರೇಕಿನ ಮೇಲೆ ಇಡುತ್ತಿದ್ದ, ಬೇಡವಾದಾಗ ಪೂರ್ತಿ ತೆಗೆಯುತ್ತಿದ್ದ. ಇಷ್ಟು ನಿರಪರಾಧಿಯಾದ ಕಾಲನ್ನು ನಾನು ಕಂಡಿಲ್ಲ.

ಷೆಡ್ಡಿಗೆ ಬಂದು ನಿಲ್ಲಿಸಿದ. "ಕೂತಿತ್ತಾ?"

"ಇಲ್ಲಣ್ಣ. ಒಂದ್ ಸಲನೂ ಕೂರಲಿಲ್ಲ."

"ಸರಿಯಾಗಿ ನೋಡ್ದಾ?"

"ಕಣ್ಣು ಮಿಟುಕಿಸದಂಗೆ ನೋಡ್ದೆ."

ಅವನು ಇಳಿದು ಮೊದಲ ಚಕ್ರಕ್ಕೆ ಕೈ ಒಡ್ಡಿದ. ರೊಟ್ಟಿ ಹಂಚು. ಉಳಿದ ಮೂರನ್ನು ಮುಟ್ಟಲಿಲ್ಲ.

"ಹಂಗಾದ್ರೆ ನಿನ್ನ ಕಣ್ಣಿಗೂ ವಯಸ್ಸಾತು" ಎಂದು ಒಳಗೆ ಹೋದ.

ಎಷ್ಟೋ ತಿಂಗಳ ನಂತರ ನಾನು ಹೇಳಿದ ಒಂದೇ ಒಂದು ನಿಜ ಅದು. ಅದನ್ನು ಅವನು ನಂಬಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅವನು ಕೀಲಿಯನ್ನು ದೇವರ ಫೋಟೋದ ಹಿಂದಿನ ಮೊಳೆಗೆ ತೂಗುಹಾಕಿದ. ಫೋಟೋದವರು ಬಂದರೆ, "ಬೇರೆ ಡ್ರೈವರ್ ಕರ್ಕಂಡು ಬರ್ರಿ, ಗಾಡಿ ಕೊಡ್ತೀನಿ. ನನ್ನ ಕಾಲು ಸರಿ ಇಲ್ಲ" ಎನ್ನುತ್ತಿದ್ದ. ಲೈಸೆನ್ಸಿನ ಅವಧಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅತ್ತಿಗೆ ನೆನಪಿಸಿದರೆ, "ಯಾತಕ್ಕೆ? ನಾಳೆ ಯಾರ ಮ್ಯಾಲಾದ್ರೂ ಹತ್ತಿಸಾಕಾ?" ಎಂದ. ನಡೆಯುವಾಗಲೂ ಕಾಲು ನೋಡಿಕೊಂಡೇ ನಡೆಯುತ್ತಿದ್ದ. ಆ ಭಾನುವಾರ ತಪಾಸಣೆಗೆ ಬರಲೇ ಇಲ್ಲ. ನಾನು ಮ್ಯಾಟ್ ಎತ್ತಿಕೊಂಡು ಕಾದೆ. "ಎಷ್ಟೈತೆ?" ಎಂದು ಕೇಳುವವರು ಯಾರೂ ಇರಲಿಲ್ಲ.

ಮಿಷನ್ ಎಣ್ಣೆಯ ಬಾಟಲಿ ತೆಗೆದುಕೊಂಡು ಒಳಗೆ ಹೋದೆ. ಅವನು ಚಾ ಕುಡಿಯುತ್ತಿದ್ದ. ಬಾಟಲಿಯನ್ನು ಅವನ ಲೋಟದ ಪಕ್ಕದಲ್ಲಿಟ್ಟೆ.

"ಇದೇನು?"

"ಹೊಲಿಗೆ ಮಿಷನ್ ಎಣ್ಣೆ. ಗೌರಿ ಹಬ್ಬದ ಮೊದಲು ಬ್ರೇಕಿಗೆ ಇದನ್ನೇ ಹಾಕಿದ್ದೆ. ಡಬ್ಬಿ ಖಾಲಿ ಇತ್ತು. ಹೊನ್ನಾಳಿಯಾಗೆ ಮೇಸ್ತ್ರಿ ಕೇಳಿದಾಗ್ಲೇ ಗೊತ್ತಾತು. ಹೇಳಲಿಲ್ಲ."

ಅವನು ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಮುಚ್ಚಳ ತೆಗೆದು ಮೂಸಿದ. ಎರಡು ಬೆರಳ ನಡುವೆ ಒಂದು ಹನಿ ಉಜ್ಜಿದ.

"ಎಷ್ಟು ಹಾಕ್ದೆ?"

"ಎರಡು ಬಾಟ್ಲಿ."

"ಹೊನ್ನಾಳಿಯಿಂದ ಇಲ್ಲಿತನಕ ಸುಮ್ಮನಿದ್ದೆ."

"ಹ್ಞೂಂ."

ಅಣ್ಣ ಬಲಗಾಲನ್ನು ಮೆಲ್ಲಗೆ ಎತ್ತಿ ಎದುರಿನ ಸ್ಟೂಲಿನ ಮೇಲಿಟ್ಟ. ಪಾದದ ಮೇಲೆ ಕೈಯಾಡಿಸಿದ.

"ಬೈಯಣ್ಣ" ಎಂದೆ. "ಏನಾದ್ರೂ ಅನ್ನು."

"ತಡಿಯವ್ವ. ಮೊದ್ಲು ಇದ್ರ ಹತ್ರ ತಪ್ಪಾತು ಅಂತ ಕೇಳ್ಕೊಬೇಕು. ಸುಮ್ ಸುಮ್ನೆ ಅನುಮಾನಪಟ್ಟೆ."

ಒಳಗಿನಿಂದ ಅತ್ತಿಗೆಯ ಧ್ವನಿ ಬಂತು. "ಹಂಗೇ ಹಪ್ಪಳದ ಹತ್ರನೂ ಕೇಳ್ರಿ."

ಅವನು ಬೈಯಲಿಲ್ಲ. ಎರಡು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಷೆಡ್ಡಿನ ಅರ್ಧದಲ್ಲಿ ಅವನು ಬ್ರೇಕು ಬಿಚ್ಚಿದ, ಇನ್ನರ್ಧದಲ್ಲಿ ನಾನು ತಲೆ ತಗ್ಗಿಸಿ ಹೊಲಿದೆ. ಮಂಡಿ ಬಗ್ಗದವನು ಗೋಣಿಚೀಲದ ಮೇಲೆ ಮಲಗಿ ಕಾರಿನ ಕೆಳಗೆ ಸರಿದಿದ್ದ. ಒಳಗಿನ ರಬ್ಬರುಗಳು ನೆನೆಸಿದ ಕಡಲೆಯ ಹಾಗೆ ಊದಿಕೊಂಡಿದ್ದವು. ಒಂದೊಂದನ್ನೂ ತೆಗೆದು ನನ್ನ ಮಿಷನ್ನಿನ ಮೇಜಿನ ಮೇಲೆ ಸಾಲಾಗಿ ಇಟ್ಟ. ಮೂರನೆಯ ದಿನ ಎಲ್ಲವನ್ನೂ ಹೊಸದು ಹಾಕಿ, ಪೈಪು ತೊಳೆದು, ಹೊಸ ಎಣ್ಣೆ ತುಂಬಿಸಿ, ಕಾರನ್ನು ಕೆರೆ ಏರಿಗೆ ಒಯ್ದ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಕಾಲು ತೆಗೆದ. ಕಾರು ಯೋಚನೆಯನ್ನೇ ಮಾಡದೆ ಉರುಳಿತು. ಇಳಿದು ಒಂದು ಪ್ರದಕ್ಷಿಣೆ ಹಾಕಿದ. ಮೈ ಬಿಸಿ, ನಾಲ್ಕೂ.

ಮರುದಿನ ಲೈಸೆನ್ಸಿನ ಅರ್ಜಿ ಹಾಕಿದ. ಅದರ ಮರುದಿನ, "ಹೊರಡು" ಎಂದ.

"ಎಲ್ಲಿಗೆ?"

"ಮೂರೂ ಊರಿಗೆ. ಪಾಪ, ಅವರು ಇನ್ನೂ ಏನಂತ ತಿಳ್ಕಂಡು ಕೂತಿದಾರೋ. ನಾಳೆ ಇನ್ನೊಬ್ಬರ ಗಾಡಿ ಬಂದ್ರೆ ಗೊತ್ತಿರಬೇಕು."

ಇದೊಂದು ಅವನ ಹುಚ್ಚು. ರೋಗ ವಾಸಿಯಾದ ಮೇಲೆ ಹಳೆಯ ಡಾಕ್ಟರುಗಳನ್ನು ಹುಡುಕಿಕೊಂಡು ಹೋಗಿ ವರದಿ ಒಪ್ಪಿಸುವವರನ್ನು ನೀವು ನೋಡಿದ್ದೀರಾ? ಮೂರು ಊರಿನಲ್ಲಿ, ಮೂರು ಗ್ಯಾರೇಜಿನ ಮುಂದೆ ನನ್ನ ಮರ್ಯಾದೆ ಹೋಗುತ್ತದೆ. ಹೋಗಲಿ, ಹೋಗಬೇಕಾದದ್ದೇ ಎಂದು ಸೆರಗು ಸರಿ ಮಾಡಿಕೊಂಡು ಕೂತೆ.

ಹೊನ್ನಾಳಿಯಲ್ಲಿ ಅಣ್ಣ ಮೇಸ್ತ್ರಿಯನ್ನು ಹೊರಗೆ ಕರೆದ. ನಾನು ಕಾರಿನಲ್ಲೇ ಇದ್ದೆ, ಕಿಟಕಿ ತೆರೆದಿತ್ತು. "ನೀವು ಅವತ್ತು ಹೇಳಿದ್ದೇ ಖರೆ ಮೇಸ್ತ್ರಿ. ಬೇರೆ ಎಣ್ಣೆ ಬಿದ್ದಿತ್ತು. ನಾನೇ ಕಣ್ಣು ಕಾಣದೆ ಯಾವ್ದೋ ಬಾಟ್ಲಿ ತಗಂಡು ಸುರಿದುಬಿಟ್ಟಿದ್ದೆ."

ನ್ಯಾಮತಿಯಲ್ಲಿ ಅದನ್ನೇ ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದ. ಎದುರಿನ ಬಾಳೆಹಣ್ಣಿನ ಅಂಗಡಿಯವರೂ ನಕ್ಕರು. ಜಗಳೂರಿನ ಚಿಕ್ಕ ಮೇಸ್ತ್ರಿ ತಲೆ ಕೆರೆದುಕೊಂಡರು. "ಏನಜ್ಜಾರೆ, ಮೂವತ್ತೈದು ವರ್ಷ ಗಾಡಿ ಓಡಿಸಿ ಎಣ್ಣೆ ಗೊತ್ತಾಗಲಿಲ್ಲಾ?"

"ಕಾಲು ನೆಟ್ಟಗೈತಪ್ಪ" ಎಂದ ಅಣ್ಣ. "ಕೈ ತಪ್ಪಿತ್ತು."

ಅವರು ಇನ್ನೂ ನಗುತ್ತಿದ್ದಾಗ ಬಂದು ಕೂತು ಕಾರು ಹೊರಡಿಸಿದ. ಬಹಳ ಹೊತ್ತು ನಾನು ರೂಢಿಯಂತೆ ಅವನ ಬಲಗಾಲನ್ನೇ ನೋಡುತ್ತಿದ್ದೆ. ಆಮೇಲೆ ಅದು ಸರಿಯಾಗಿ ಕಾಣಿಸಲಿಲ್ಲ.

"ಯಾಕಣ್ಣ ಹಂಗೆ ಹೇಳ್ದೆ?"

"ಅವರಿಗೆ ರೋಗ ಏನಂತ ಗೊತ್ತಾದ್ರೆ ಸಾಕು. ಯಾರಿಂದ ಬಂತು ಅನ್ನೋದು ಯಾಕೆ? ರಸ್ತೆ ನೋಡು. ಕಾಲು ನೋಡೋ ಕೆಲಸ ಮುಗೀತು."

ಅದಕ್ಕೇ ಇದನ್ನು ಬರೆದೆ. ಮೂರೂ ಊರಿನ ಮೇಸ್ತ್ರಿಗಳಲ್ಲಿ ಯಾರಾದರೂ ಓದಿದರೆ ತಿಳಿಯಲಿ. ಆ ಎಣ್ಣೆ ಹಾಕಿದವಳು ನಾನು. ಅವನ ಕಾಲೂ ತಪ್ಪಿರಲಿಲ್ಲ, ಕೈಯೂ ತಪ್ಪಿರಲಿಲ್ಲ.

ಅವತ್ತು ಬಿಳಿಚೋಡು ದಾಟಿದ ಮೇಲೆ, ಹಿಂದೆ ಹೊಗೆ ಬಂದ ಜಾಗದಲ್ಲೇ ಕಾರು ನಿಲ್ಲಿಸಿದ. ಇಳಿದು ಪ್ರದಕ್ಷಿಣೆ ಹಾಕಿದ. ಮುಂದಿನದು, ಹಿಂದಿನದು, ಡಿಕ್ಕಿ ಸುತ್ತಿ ಈ ಕಡೆಯ ಹಿಂದಿನದು, ಮುಂದಿನದು. ನಾಲ್ಕು ಮುಗಿದವು. ಅವನು ತನ್ನ ಬಾಗಿಲಿಗೆ ಹೋಗಲಿಲ್ಲ. ನನ್ನ ಕಿಟಕಿಯ ಹತ್ತಿರ ನಿಂತು, ಧೂಳಾದ ಕೈಯನ್ನು ಅಂಗಿಗೆ ಒರೆಸಿಕೊಂಡು, ಒಳಗೆ ಚಾಚಿ, ಬೆರಳುಗಳ ಹಿಂಭಾಗವನ್ನು ನನ್ನ ಹಣೆಗೆ ತಾಗಿಸಿದ.

"ಮೈ ಬಿಸಿ, ಅಷ್ಟೇ" ಎಂದ. "ಅಳಬ್ಯಾಡ. ಮನೆಗೆ ಹೋಗಣ."